ಫೀಸು ಕಮ್ಮಿ, ಸರಿ. ಬದಲಿಗೆ ಏನು ಕೊಡಬೇಕು? ಕೈಗೆಟಕುವ ಕೌನ್ಸೆಲಿಂಗ್ ಆರಿಸಿಕೊಳ್ಳುವ ಬಗೆ

ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಅದರ ಕೊನೆಯ ಪುಟದಲ್ಲಿ ಐದು ಕಾಲಂ. ಮೊದಲನೆಯದರಲ್ಲಿ ಸಂಸ್ಥೆಗಳ ಹೆಸರು, ಎರಡನೆಯದರಲ್ಲಿ ಫೀಸು. ಇವೆರಡೂ ನೀಲಿ ಇಂಕಿನಲ್ಲಿವೆ. ಉಳಿದ ಮೂರು ಕಪ್ಪು ಇಂಕಿನವು, ಆಮೇಲೆ ಸೇರಿಸಿದ್ದು: ‘ಎಷ್ಟು ದಿನ ಕಾಯಬೇಕು’, ‘ಎಷ್ಟು ಸಲ ಸಿಗುತ್ತಾರೆ’, ‘ಕೊನೇವರೆಗೂ ಅವರೇನಾ’. ನೀಲಿಗೂ ಕಪ್ಪಿಗೂ ನಡುವೆ ಏಳು ತಿಂಗಳಿದೆ. ಫೀಸು ಒಂದನ್ನೇ ನೋಡಿ ಎರಡು ಕಡೆ ಹೋಗಿ, ಎರಡೂ ಕಡೆ ಅರ್ಧಕ್ಕೇ ನಿಂತುಹೋದ ಏಳು ತಿಂಗಳು.

ಕೌನ್ಸೆಲಿಂಗ್ ಎಲ್ಲಿ ಅಗ್ಗವಾಗಿ ಸಿಗುತ್ತದೋ ಅಲ್ಲಿ ಆ ಅಗ್ಗಕ್ಕೊಂದು ಕಾರಣ ಇದ್ದೇ ಇರುತ್ತದೆ. ಸರ್ಕಾರ ದುಡ್ಡು ಕೊಡುತ್ತಿದ್ದರೆ ಸಾಲು ಉದ್ದ. ಇನ್ನೂ ಕಲಿಯುತ್ತಿರುವವರು ನೋಡುತ್ತಿದ್ದರೆ, ಕೋರ್ಸ್ ಮುಗಿದ ಕೂಡಲೇ ಅವರು ಹೊರಟುಹೋಗುತ್ತಾರೆ. ದಾನಿಗಳ ದುಡ್ಡಿನಲ್ಲಿ ನಡೆಯುತ್ತಿದ್ದರೆ ‘ಇಷ್ಟೇ ಸೆಷನ್’ ಎಂಬ ಮಿತಿ ಇರುತ್ತದೆ. ಗುಂಪಿನಲ್ಲಾದರೆ ನಿಮ್ಮ ಕಥೆ ಇನ್ನೂ ಎಂಟು ಜನರ ಕಿವಿಗೆ ಬೀಳುತ್ತದೆ. ದುಡ್ಡು ಉಳಿದ ಕಡೆ ಬೇರೆ ಏನನ್ನೋ ಕೊಡುತ್ತಿರುತ್ತೀರಿ. ಅದರಲ್ಲಿ ಮೋಸ ಏನಿಲ್ಲ. ಏನು ಕೊಡುತ್ತಿದ್ದೇವೆ ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ. ಈ ಹೋಲಿಕೆಯನ್ನು ಆ ಕಪ್ಪು ಇಂಕಿನ ಕಾಲಂಗಳ ಲೆಕ್ಕದಲ್ಲೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ಸಾಯಬೇಕು ಎಂಬ ಯೋಚನೆ ಬರುತ್ತಿದ್ದು, ‘ಹೇಗೆ, ಯಾವಾಗ’ ಎಂದು ಮನಸ್ಸು ಲೆಕ್ಕ ಹಾಕತೊಡಗಿದ್ದರೆ, ಇವತ್ತು ಈ ಬರಹ ನಿಮಗಲ್ಲ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆಗದಿದ್ದರೆ ಸಹಾಯವಾಣಿಗೆ ಕರೆ ಮಾಡಿ, ಯಾರನ್ನಾದರೂ ಜೊತೆಗೆ ಕೂರಿಸಿಕೊಳ್ಳಿ. ಯಾರಿಗೂ ಕೇಳಿಸದ ದನಿಗಳು ಕೇಳಿಸುತ್ತಿದ್ದರೆ, ಅಥವಾ ರಾತ್ರಿಗಟ್ಟಲೆ ನಿದ್ದೆ ಇಲ್ಲದೆಯೂ ಮೈಯಲ್ಲಿ ಎಲ್ಲಿಲ್ಲದ ಹುರುಪು ಇದ್ದರೆ, ಮೊದಲು ಮನೋವೈದ್ಯರನ್ನು ನೋಡಬೇಕು. ಕೌನ್ಸೆಲರ್ ಔಷಧ ಬರೆದುಕೊಡುವವರಲ್ಲ.

ಸರ್ಕಾರಿ ಕೇಂದ್ರ: ಎಲ್ಲ ಸಿಗುತ್ತದೆ, ಬೇಗ ಸಿಗುವುದಿಲ್ಲ

ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಸುಮ್ನೆ ಬೇಜಾರಿನಲ್ಲಿ ಇರುವವರಿಗೆ ಯಾಕೆ ಕಾಯಿಸುತ್ತಾರೆ ಅನ್ನುವುದು ಅವು ಹುಟ್ಟಿದ್ದು ಯಾಕೆ ಅಂತ ಗೊತ್ತಾದರೆ ಅರ್ಥವಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ಅಧ್ಯಕ್ಷ ಕೆನಡಿ ಒಂದು ಕಾಯ್ದೆಗೆ ಸಹಿ ಹಾಕಿದರು. ದೊಡ್ಡ ದೊಡ್ಡ ಹುಚ್ಚಾಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದವರನ್ನು ಹೊರಗೆ ಕರೆತಂದು, ಅವರವರ ಊರಿನ ಕೇಂದ್ರಗಳಲ್ಲೇ ನೋಡಿಕೊಳ್ಳಬೇಕು ಎಂಬುದು ಅದರ ಉದ್ದೇಶ. ಇಟಲಿಯಲ್ಲಿ ಫ್ರಾಂಕೋ ಬಸಾಲಿಯಾ ಎಂಬ ಮನೋವೈದ್ಯರ ಹೋರಾಟದಿಂದ 1978ರಲ್ಲಿ ಇನ್ನೂ ಕಟುವಾದ ಕಾನೂನು ಬಂತು. ಹಳೇ ಆಸ್ಪತ್ರೆಗಳಿಗೆ ಹೊಸಬರನ್ನು ಸೇರಿಸುವಂತೆಯೇ ಇಲ್ಲ ಅಂದರು. ಹೀಗೆ ಬಂದ ಕೇಂದ್ರಗಳ ಮೊದಲ ಹೊಣೆ ತೀವ್ರ ಕಾಯಿಲೆ ಇರುವವರದು. ಕೆಲಸಕ್ಕೆ ಹೋಗಿಕೊಂಡು, ಊಟ ಮಾಡಿಕೊಂಡು, ರಾತ್ರಿ ಮಾತ್ರ ಅಳುವವರ ಸರದಿ ಆಮೇಲೆ.

ಹಾಗಂತ ಬಿಟ್ಟುಬಿಡಬೇಡಿ. ವೈದ್ಯರು, ಔಷಧ, ಕೌನ್ಸೆಲಿಂಗ್, ಮನೆಯವರ ಜೊತೆ ಮಾತಾಡುವ ಸಮಾಜ ಕಾರ್ಯಕರ್ತರು, ಎಲ್ಲ ಒಂದೇ ಸೂರಿನಡಿ ಇರುವುದು ಹೆಚ್ಚಾಗಿ ಇಲ್ಲೇ. ಔಷಧವೂ ಬೇಕಾಗಬಹುದು ಅನ್ನಿಸುವವರಿಗೆ ಬೇರೆ ಯಾವ ಅಗ್ಗದ ಜಾಗವೂ ಇದಕ್ಕೆ ಸಮ ಅಲ್ಲ.

ಇಂಗ್ಲೆಂಡಿನವರು 2008ರಲ್ಲಿ ಸಾಮಾನ್ಯ ಖಿನ್ನತೆ, ಆತಂಕಗಳಿಗೆಂದೇ ಬೇರೆ ವ್ಯವಸ್ಥೆ ಶುರು ಮಾಡಿದರು. ಅಲ್ಲಿ ವೈದ್ಯರ ಚೀಟಿ ಬೇಕಿಲ್ಲ, ನೇರವಾಗಿ ನಾವೇ ಹೆಸರು ಕೊಡಬಹುದು. ನೂರಕ್ಕೆ 75 ಜನರಿಗೆ ಆರು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬ ಗುರಿಯೂ ಇದೆ. ಮೊದಲು ಕಡಿಮೆ ಹೊತ್ತಿನ ನೆರವು, ಅದು ಸಾಲದಿದ್ದರೆ ಮುಂದಿನ ಮೆಟ್ಟಿಲು. ನೀವಿರುವ ಕಡೆ ‘ಮೊದಲು ಈ ಪುಸ್ತಿಕೆ ಓದಿ, ಫೋನಿನಲ್ಲಿ ಮಾತಾಡೋಣ’ ಎಂದು ಹೇಳಿದರೆ ಸಾಗಹಾಕುತ್ತಿದ್ದಾರೆ ಅಂತಲೇ ಅಂದುಕೊಳ್ಳಬೇಡಿ. ಹೆಚ್ಚು ತೀವ್ರವಲ್ಲದ ಖಿನ್ನತೆಗೆ, ಯಾರಾದರೂ ಆಗಾಗ ವಿಚಾರಿಸಿಕೊಳ್ಳುತ್ತಿದ್ದರೆ, ಅಂಥ ಸ್ವಸಹಾಯವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಯಾರೂ ವಿಚಾರಿಸದೆ ಪುಸ್ತಿಕೆ ಮಾತ್ರ ಕೈಗಿಟ್ಟರೆ ಆಗ ಕೇಳಬೇಕು.

ಈ ಕೇಂದ್ರಗಳಲ್ಲಿ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಮೊದಲ ದಿನ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಅಂತ ಅದರ ಹೆಸರು, ಜಗತ್ತಿನ ಎಷ್ಟೋ ಕಡೆ ಇದನ್ನೇ ಕೊಡುತ್ತಾರೆ. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತಾ, ಹೀಗೆ. ‘ಇಲ್ಲವೇ ಇಲ್ಲ’ ಅಂದರೆ 0, ‘ಕೆಲವು ದಿನ’ ಅಂದರೆ 1, ‘ಅರ್ಧಕ್ಕಿಂತ ಹೆಚ್ಚು ದಿನ’ 2, ‘ಹೆಚ್ಚುಕಮ್ಮಿ ದಿನಾ’ 3. ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಬೇಕಾದ ಖಿನ್ನತೆ ಎಂದು ಸಾಮಾನ್ಯವಾಗಿ ಲೆಕ್ಕ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಪಕ್ಕದವರು ನೋಡುತ್ತಾರೇನೋ ಎಂಬ ಮುಜುಗರದಲ್ಲಿ ಎಲ್ಲದಕ್ಕೂ 1 ಹಾಕಿದೆ. ಮೂರು ವಾರದಿಂದ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತಿದ್ದವನು ನಿದ್ದೆಗೂ 1 ಹಾಕಿದೆ! ಹೇಗಿದ್ದೀರಿ ಅಂದರೆ ‘ಪರವಾಗಿಲ್ಲ’ ಅನ್ನುವ ಅಭ್ಯಾಸ ನೋಡಿ. ಬಂದದ್ದು 9. ಹೆಸರು ವೇಟಿಂಗ್ ಲಿಸ್ಟಿನ ಬುಡಕ್ಕೆ ಹೋಯಿತು.

ಆ ಹಾಳೆಯಲ್ಲಿ ಉತ್ಪ್ರೇಕ್ಷೆ ಬೇಡ, ಸಂಕೋಚವೂ ಬೇಡ. ಮನೆಯಲ್ಲೇ ಎರಡು ವಾರ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡು ಹೋಗಿ. ನಿದ್ದೆ ಬಾರದ ರಾತ್ರಿ ಎಷ್ಟು, ಹಾಸಿಗೆಯಿಂದ ಏಳಲಾಗದ ಬೆಳಗು ಎಷ್ಟು ಎಂದು ಎಣಿಸಿ ಬರೆಯಬಹುದು.

ಕಲಿಯುವವರ ಕ್ಲಿನಿಕ್: ನನ್ನ ಮೆಚ್ಚಿನದು, ಒಂದು ಷರತ್ತಿನೊಂದಿಗೆ

ವಿಶ್ವವಿದ್ಯಾಲಯಗಳು, ತರಬೇತಿ ಸಂಸ್ಥೆಗಳು ನಡೆಸುವ ಕ್ಲಿನಿಕ್‌ಗಳಲ್ಲಿ ಫೀಸು ತೀರಾ ಕಮ್ಮಿ, ಕೆಲವೆಡೆ ಇಲ್ಲವೇ ಇಲ್ಲ. ‘ನನ್ನ ಮೇಲೆ ಪ್ರಯೋಗ ಮಾಡ್ತಾರಾ’ ಅಂತ ಜನ ಹಿಂಜರಿಯುತ್ತಾರೆ. ಈ ಪದ್ಧತಿಗೆ ನೂರು ವರ್ಷ ದಾಟಿದೆ. ರೋಗಿ ದುಡ್ಡು ಕೊಟ್ಟರೇನೇ ಚಿಕಿತ್ಸೆಗೆ ಬೆಲೆ ಎಂಬ ಧಾಟಿಯಲ್ಲಿ ಮೊದಲು ಬರೆದಿದ್ದ ಸಿಗ್ಮಂಡ್ ಫ್ರಾಯ್ಡ್, 1918ರಲ್ಲಿ ಬುಡಾಪೆಸ್ಟ್‌ನ ಸಭೆಯಲ್ಲಿ ರಾಗ ಬದಲಿಸಿ, ಬಡವರಿಗೂ ಮನಸ್ಸಿನ ಚಿಕಿತ್ಸೆಯ ಹಕ್ಕಿದೆ, ಅದು ಉಚಿತವಾಗಿ ಸಿಗಬೇಕು ಎಂದರು. ಎರಡೇ ವರ್ಷದಲ್ಲಿ, 1920ರಲ್ಲಿ, ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗೋನ್ ಮತ್ತು ಅರ್ನ್‌ಸ್ಟ್ ಸಿಮ್ಮೆಲ್ ಒಂದು ಕ್ಲಿನಿಕ್ ತೆರೆದರು. ಬಂದವರು ಕೈಲಾದಷ್ಟು ಕೊಡುವುದು, ಕಲಿಯುವವರು ಹಿರಿಯರ ಕಣ್ಗಾವಲಿನಲ್ಲಿ ನೋಡುವುದು. ಇವತ್ತಿನ ಟ್ರೈನಿ ಕ್ಲಿನಿಕ್‌ಗಳೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿವೆ.

ಗುಣಮಟ್ಟ? ಅನುಭವದ ವರ್ಷ ಜಾಸ್ತಿಯಾದ ಹಾಗೆ ಚಿಕಿತ್ಸಕರ ಫಲಿತಾಂಶ ತಾನಾಗಿಯೇ ಉತ್ತಮವಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. 170 ಚಿಕಿತ್ಸಕರ ವರ್ಷಗಟ್ಟಲೆಯ ದಾಖಲೆ ನೋಡಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹಾಗೇನೂ ಕಾಣಲಿಲ್ಲ. ಸರಾಸರಿಯಲ್ಲಿ ಒಂದು ಚೂರು ಇಳಿಕೆಯೇ ಇತ್ತು. ಟ್ರೈನಿಗೆ ಅನುಭವ ಕಮ್ಮಿ ನಿಜ. ಆದರೆ ಅವರ ಹಿಂದೆ ಒಬ್ಬರು ಮೇಲ್ವಿಚಾರಕರು ಇರುತ್ತಾರೆ, ನಿಮ್ಮ ವಿಷಯವನ್ನು ಅವರಿಬ್ಬರೂ ಕೂತು ಯೋಚಿಸಿರುತ್ತಾರೆ. ಒಬ್ಬರ ಫೀಸೂ ಪೂರ್ತಿ ಕೊಡದೆ ಇಬ್ಬರ ತಲೆ ಸಿಕ್ಕ ಹಾಗಾಯಿತು.

ಇದಕ್ಕೆ ಬದಲಾಗಿ ಕೊಡುವುದು ಎರಡು. ಒಂದು, ಖಾಸಗಿತನದ ಒಂದು ಪಾಲು. ಎಷ್ಟೋ ಕಡೆ ಸೆಷನ್ ರೆಕಾರ್ಡ್ ಮಾಡುತ್ತಾರೆ. 1940ರ ದಶಕದ ಶುರುವಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತವರ ವಿದ್ಯಾರ್ಥಿಗಳು ಸೆಷನ್‌ಗಳನ್ನು ರೆಕಾರ್ಡ್ ಮಾಡಿ ಕೇಳಿಸಿಕೊಂಡು ಕಲಿಯುವುದನ್ನು ರೂಢಿಗೆ ತಂದರು, ಅದು ಇಂದಿಗೂ ನಡೆದಿದೆ. ನಿಮ್ಮ ಒಪ್ಪಿಗೆ ಕೇಳಲೇಬೇಕು. ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತಾರೆ ಅಂತ ನೀವೂ ಕೇಳಿ.

ಎರಡನೆಯದು ನನಗೆ ಬಿದ್ದ ಪೆಟ್ಟು. ನನಗೆ ಸಿಕ್ಕ ಟ್ರೈನಿ ಒಳ್ಳೆಯವರು. ಮಾತು ಕಮ್ಮಿ, ಕೇಳಿಸಿಕೊಳ್ಳುವುದು ಜಾಸ್ತಿ. ಒಂಬತ್ತನೇ ಭೇಟಿಯಲ್ಲಿ, ನಾನು ಯಾರಿಗೂ ಹೇಳದ ವಿಷಯವೊಂದನ್ನು ಹೇಳಿ ಮುಗಿಸಿದ ದಿನ, ಕೊನೆಯ ಐದು ನಿಮಿಷದಲ್ಲಿ ಅವರು ಮೆಲ್ಲಗೆ, ‘ಮುಂದಿನ ವಾರ ನನ್ನ ಕೊನೆಯ ವಾರ, ನಿಮಗೆ ಮೊದಲೇ ತಿಳಿಸಿದ್ದಾರೆ ಅಂದುಕೊಂಡಿದ್ದೆ’ ಎಂದರು. ಯಾರೂ ತಿಳಿಸಿರಲಿಲ್ಲ. ಹೊಸಬರು ಬಂದರು. ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಎರಡು ಸಲ ಹೇಳಿ, ಮೂರನೇ ಸಲ ಹೋಗಲಿಲ್ಲ.

ಹಾಗಾಗಿ ಷರತ್ತು ಇಷ್ಟೇ. ಮೊದಲ ದಿನವೇ ‘ನಿಮ್ಮ ಇಲ್ಲಿನ ತರಬೇತಿ ಯಾವಾಗ ಮುಗಿಯುತ್ತದೆ’ ಎಂದು ಕೇಳಿ. ಕೇಳುವುದು ಒರಟುತನ ಅಲ್ಲ. ಕಲಿಕೆಯ ವರ್ಷ ಶುರುವಾಗುವ ತಿಂಗಳಲ್ಲಿ ಹೆಸರು ಕೊಟ್ಟರೆ ಒಬ್ಬರ ಜೊತೆಗೇ ಆರೇಳು ತಿಂಗಳು ಸಿಗಬಹುದು, ಪರೀಕ್ಷೆ ಹತ್ತಿರದಲ್ಲಿ ಕೊಟ್ಟರೆ ಆರೇಳು ವಾರ. ಪರೀಕ್ಷೆಯ ಭಯ, ಸಂಬಂಧದ ಜಗಳ, ಹೊಸ ಊರಿನ ಒಂಟಿತನ, ಕೆಲಸದ ಒತ್ತಡ ಇಂಥವಕ್ಕೆ ಆರೇಳು ವಾರವೂ ಸಾಕಾಗಬಹುದು. ಚಿಕ್ಕಂದಿನ ದೊಡ್ಡ ಗಾಯಗಳನ್ನು ಬಿಚ್ಚುವುದಾದರೆ ಸಾಲದು.

ಆದಾಯ ನೋಡಿ ಫೀಸು ಹಾಕುವ ಸಂಸ್ಥೆಗಳು

ಟ್ರಸ್ಟ್‌ಗಳು, ಸ್ವಯಂಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಹೀಗೆ ಮಾಡುತ್ತವೆ. ಮನೆಯ ಒಟ್ಟು ಆದಾಯ, ಅದರ ಮೇಲೆ ಬದುಕುವ ತಲೆಗಳು, ಎರಡನ್ನೂ ನೋಡಿ ಒಂದು ಪಟ್ಟಿಯ ಪ್ರಕಾರ ಫೀಸು. ಪಟ್ಟಿ ಇದ್ದರೂ ಅದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಸಾಲದ ಕಂತು, ಮನೆಯಲ್ಲಿ ಕಾಯಿಲೆಯವರು, ತಿಂಗಳಿಗೊಂದು ಥರ ಬರುವ ಸಂಬಳ ಇವೆಲ್ಲ ಫಾರಂನಲ್ಲಿ ಕಾಣುವುದಿಲ್ಲ. ಬಾಯಿಬಿಟ್ಟು ಹೇಳಬೇಕು. ‘ಇದಕ್ಕಿಂತ ಕಮ್ಮಿ ಆಗುತ್ತಾ’ ಎಂಬ ಪ್ರಶ್ನೆ ಅವರಿಗೆ ದಿನಾ ಕೇಳಿ ಅಭ್ಯಾಸವಾಗಿರುತ್ತದೆ, ಕೇಳುವವರಿಗಷ್ಟೇ ಮೊದಲ ಸಲ. ಕೆಲಸ ಹೋದರೆ ಮರುಲೆಕ್ಕ ಮಾಡುತ್ತಾರಾ, ಬರಲಾಗದ ದಿನಕ್ಕೂ ಫೀಸು ಹಿಡಿಯುತ್ತಾರಾ, ಎಷ್ಟು ಗಂಟೆ ಮೊದಲು ತಿಳಿಸಿದರೆ ಬಿಡುತ್ತಾರೆ, ಇವನ್ನೂ ಕೇಳಿಟ್ಟುಕೊಳ್ಳಿ. ಎಷ್ಟೋ ಜನರಿಗೆ ಜೇಬಿಗೆ ಕತ್ತರಿ ಬೀಳುವುದು ಈ ತಪ್ಪಿದ ಭೇಟಿಗಳಲ್ಲೇ.

ಇಲ್ಲೊಂದು ಲೆಕ್ಕ ಮಾಡೋಣ. ಖಾಸಗಿ ಕೌನ್ಸೆಲರ್ ಫೀಸು 100 ಅಂತಿಟ್ಟುಕೊಳ್ಳಿ. ಸಂಸ್ಥೆಯಲ್ಲಿ ನಿಮಗೆ 30 ಹಾಕಿದ್ದಾರೆ. ಖಾಸಗಿಯವರ ಹತ್ತಿರ ಕೈಗೆಟಕುವುದು ತಿಂಗಳಿಗೊಂದು ಸಲ, ಸಂಸ್ಥೆಗೆ ವಾರಕ್ಕೊಂದು ಸಲ ಹೋಗುತ್ತೀರಿ. ಮೂರು ತಿಂಗಳಲ್ಲಿ ಖಾಸಗಿಗೆ 300, ಸಂಸ್ಥೆಗೆ 360. ಅಗ್ಗದ್ದೇ ತುಟ್ಟಿ ಆಯಿತಲ್ವಾ? ಆದರೆ ಇಲ್ಲಿ 12 ಭೇಟಿ, ಅಲ್ಲಿ 3. ಸೆಷನ್‌ಗಳ ಸಂಖ್ಯೆ ಮತ್ತು ಗುಣದ ಬಗ್ಗೆ 1986ರಲ್ಲಿ ಹೊವಾರ್ಡ್ ಎಂಬವರೂ ಜೊತೆಗಾರರೂ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ಒಂದು ಅಂದಾಜು ಕೊಟ್ಟರು: ಎಂಟು ಸೆಷನ್ ಆಗುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಸುಧಾರಣೆ ಕಾಣುತ್ತದೆ, 26 ಆಗುವಷ್ಟರಲ್ಲಿ ಮುಕ್ಕಾಲು ಪಾಲು ಜನರಲ್ಲಿ. ವಾರಕ್ಕೊಂದರಂತೆ ಎಂಟು ಅಂದರೆ ಎರಡು ತಿಂಗಳು, ತಿಂಗಳಿಗೊಂದರಂತೆ ಎಂಟು ತಿಂಗಳು. ಶುರುವಿನಲ್ಲಿ ವಾರವಾರ ಹೋಗುವುದೇ ಮೇಲು. ಆಮೇಲೆ ಬೇಕಾದರೆ ಅಂತರ ಹೆಚ್ಚಿಸಿಕೊಳ್ಳಬಹುದು.

ಇದೇ ಅಂದಾಜನ್ನು ಇಟ್ಟುಕೊಂಡು ಸೆಷನ್ ಮಿತಿಯನ್ನೂ ತೂಗಿ. ‘ನಾಲ್ಕೇ ಸಲ’ ಅನ್ನುವ ಕಡೆ ಒಂದು ನಿರ್ಧಾರ ಮಾಡಲು, ಒಂದು ಬಿಕ್ಕಟ್ಟು ದಾಟಲು ಹೋಗಬಹುದು. ವರ್ಷಗಳ ಖಿನ್ನತೆ ಹೊತ್ತು ಹೋದರೆ ಐದನೇ ವಾರ ಬೀದಿಯಲ್ಲಿ ನಿಂತಿರುತ್ತೀರಿ. ಮಿತಿ ಮುಗಿದ ಮೇಲೆ ಮತ್ತೆ ಹೆಸರು ಕೊಡಬಹುದಾ, ಬೇರೆ ಕಡೆಗೆ ಅವರೇ ದಾಟಿಸುತ್ತಾರಾ ಎಂದು ಮೊದಲೇ ಕೇಳಬೇಕು.

ಇನ್ನು, ಉಚಿತ ಅನ್ನುವುದು ಪೂರ್ತಿ ಉಚಿತ ಅಲ್ಲ. ಎರಡು ಬಸ್ ಬದಲಿಸಿ, ಅರ್ಧ ದಿನದ ಕೂಲಿ ಕಳೆದುಕೊಂಡು, ಮಗುವನ್ನು ಯಾರದೋ ಮನೆಯಲ್ಲಿ ಬಿಟ್ಟು ಹೋಗುವುದಾದರೆ ಅದೆಲ್ಲ ಫೀಸೇ. ಹತ್ತಿರದ, ಸಂಜೆ ಹೊತ್ತು ತೆರೆದಿರುವ, ಒಂಚೂರು ದುಡ್ಡು ತಗೊಳ್ಳುವ ಜಾಗ ಎಷ್ಟೋ ಸಲ ಅದಕ್ಕಿಂತ ಅಗ್ಗ.

ಅಜ್ಜಿಯರ ಬೆಂಚು

ಡಿಗ್ರಿ ಇಲ್ಲದವರ ಹತ್ತಿರ ಏನು ಕೌನ್ಸೆಲಿಂಗ್ ಅಂತ ಮೂಗು ಮುರಿಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಜಿಂಬಾಬ್ವೆಯ ಕಥೆ ಓದಿದ ಮೇಲೆ ಸುಮ್ಮನಾದೆ. 2006ರಲ್ಲಿ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರಿಗೆ ಕೊಠಡಿಯೂ ಸಿಗಲಿಲ್ಲ, ನರ್ಸ್‌ಗಳೂ ಸಿಗಲಿಲ್ಲ. ಸಿಕ್ಕವರು ಸಮುದಾಯದಲ್ಲಿ ಆರೋಗ್ಯ ಕೆಲಸ ಮಾಡುತ್ತಿದ್ದ 14 ಅಜ್ಜಿಯರು. ಅವರಿಗೇ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ‘ಖಿನ್ನತೆ’ ಎಂಬ ಪದವನ್ನೇ ಬಳಸಲಿಲ್ಲ. ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎಂಬ ಮಾತಿದೆ, ಅತಿಯಾಗಿ ಯೋಚಿಸುವುದು ಎಂದರ್ಥ. ಅದನ್ನೇ ಬಳಸಿದರು. ತಲೆಯಲ್ಲಿರುವ ಕಷ್ಟಗಳನ್ನೆಲ್ಲ ಹೊರಗೆ ಹಾಕಿಸಿ, ಒಂದನ್ನು ಆರಿಸಿ, ಅದಕ್ಕೊಂದು ಸಣ್ಣ ದಾರಿ ಹುಡುಕಿಸುವುದು. ಆರು ಭೇಟಿ.

ಇದು ಬರೀ ಮನಮುಟ್ಟುವ ಕಥೆಯಾಗಿ ಉಳಿಯಲಿಲ್ಲ. 24 ಕ್ಲಿನಿಕ್‌ಗಳಲ್ಲಿ 573 ಜನರ ಮೇಲೆ ನಡೆಸಿದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಮಾಮೂಲಿ ಆರೈಕೆ ಪಡೆದವರಲ್ಲಿ ನೂರಕ್ಕೆ ಸುಮಾರು 50 ಜನರಲ್ಲಿ ಖಿನ್ನತೆಯ ಲಕ್ಷಣ ಇತ್ತು, ಬೆಂಚಿನ ಮೇಲೆ ಕೂತವರಲ್ಲಿ ಸುಮಾರು 14. ಗೋವಾದಲ್ಲೂ ಹೀಗೇ, ಮೊದಲು ಈ ಕೆಲಸ ಮಾಡಿರದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳ ಚಿಕಿತ್ಸೆಯೊಂದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ತೀವ್ರ ಖಿನ್ನತೆಯಲ್ಲೂ ಅದು ಕೆಲಸ ಮಾಡಿತ್ತು.

ಆದರೆ ಎರಡೂ ಕಡೆ ಅವರಿಗೆ ತರಬೇತಿ ಇತ್ತು, ಬರೆದಿಟ್ಟ ಕ್ರಮ ಇತ್ತು, ಮೇಲೆ ನೋಡಿಕೊಳ್ಳುವವರಿದ್ದರು. ಈ ಮೂರೂ ಇರುವ ಸಮುದಾಯ ಕಾರ್ಯಕರ್ತರು ಸಿಕ್ಕರೆ ನಿಶ್ಚಿಂತೆಯಿಂದ ಹೋಗಿ. ಇವಾವುವೂ ಇಲ್ಲದೆ ‘ನನಗೆ ಜನರ ಮನಸ್ಸು ಅರ್ಥವಾಗುತ್ತದೆ’ ಅನ್ನುವವರ ಹತ್ತಿರ ಬೇಡ. ಇನ್ನೊಂದು ತೊಡಕು, ಅವರು ನಿಮ್ಮ ಬೀದಿಯವರೇ ಆಗಿರಬಹುದು. ಅದು ಕೆಲವರಿಗೆ ಧೈರ್ಯ, ಕೆಲವರಿಗೆ ಭಯ. ಬೇಕಾದರೆ ಪಕ್ಕದ ಬಡಾವಣೆಯವರನ್ನು ಕೇಳಿ ಪಡೆಯಬಹುದು.

ಗುಂಪು

1905ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು, ಸ್ಯಾನಟೋರಿಯಂಗೆ ಸೇರುವಷ್ಟು ದುಡ್ಡಿಲ್ಲದ ಕ್ಷಯ ರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಪಾಠ ಹೇಳತೊಡಗಿದರು. ಪಾಠಕ್ಕಿಂತ ಹೆಚ್ಚಾಗಿ, ಒಬ್ಬರನ್ನೊಬ್ಬರು ನೋಡಿ ಅವರಿಗೆ ಬಂದ ಧೈರ್ಯ ಎದ್ದು ಕಂಡಿತು. ಗುಂಪು ಚಿಕಿತ್ಸೆಯ ಮೊದಲ ಹೆಜ್ಜೆ ಅದು ಎನ್ನುತ್ತಾರೆ. ಹುಟ್ಟಿದ್ದೇ ಬಡತನದಿಂದ!

ಎರಡು ಬಗೆಯ ಗುಂಪುಗಳಿವೆ, ಗೊಂದಲ ಬೇಡ. ಚಿಕಿತ್ಸಕರು ನಡೆಸುವ ಗುಂಪಿನಲ್ಲಿ ಸೇರುವ ಮೊದಲು ನಿಮ್ಮೊಬ್ಬರನ್ನೇ ಕರೆದು ಮಾತಾಡುತ್ತಾರೆ, ಜನ ಸಾಮಾನ್ಯವಾಗಿ ಎಂಟು ಹತ್ತು, ಒಂಟಿ ಸೆಷನ್ನಿಗಿಂತ ಫೀಸು ಬಹಳ ಕಮ್ಮಿ. ಇನ್ನೊಂದು, ಅದೇ ಕಷ್ಟ ಉಂಡವರು ತಾವೇ ನಡೆಸುವುದು. 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಇದರಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು, ಕುಡಿತದವರ ಮನೆಯವರಿಗೆಂದು 1951ರಲ್ಲಿ ಅಲ್-ಅನಾನ್ ಬಂತು. ಇಲ್ಲಿ ಫೀಸಿಲ್ಲ, ವೇಟಿಂಗ್ ಲಿಸ್ಟ್ ಇಲ್ಲ, ಸೆಷನ್ ಮಿತಿ ಇಲ್ಲ. ನನ್ನ ನೋಟ್‌ಬುಕ್ಕಿನ ಕಪ್ಪು ಕಾಲಂಗಳಲ್ಲೆಲ್ಲ ಒಳ್ಳೇ ಅಂಕ. ಕೊಡಬೇಕಾದದ್ದು ಗುಟ್ಟು ಮಾತ್ರ. ಚಿಕಿತ್ಸಕರಿಗೆ ಗೋಪ್ಯತೆಯ ಕಟ್ಟುಪಾಡು ಇದೆ, ಪಕ್ಕದ ಕುರ್ಚಿಯವರಿಗೆ ಇರುವುದು ಮಾತು ಕೊಟ್ಟ ಋಣ ಅಷ್ಟೇ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಸಣ್ಣ ಊರಾದರೆ ಆನ್‌ಲೈನ್ ಗುಂಪು ವಾಸಿ.

ದುಃಖ, ವ್ಯಸನ, ಕಾಯಿಲೆಯವರನ್ನು ನೋಡಿಕೊಳ್ಳುವ ದಣಿವು, ಜನರೆದುರು ಮಾತಾಡುವ ಹೆದರಿಕೆ, ಇವಕ್ಕೆ ಗುಂಪನ್ನು ಎರಡನೇ ದರ್ಜೆ ಅಂದುಕೊಳ್ಳಬೇಡಿ. ಇವುಗಳಲ್ಲಿ ಅರ್ಧ ಭಾರ ‘ನನಗೊಬ್ಬನಿಗೇ ಹೀಗೆ’ ಅನ್ನುವುದರಿಂದ ಬರುತ್ತದೆ. ಅದು ಒಬ್ಬ ಕೌನ್ಸೆಲರ್ ಎದುರು ಕೂತರೆ ಇಳಿಯುವುದು ಕಷ್ಟ.

ಇನ್ನುಳಿದ ಮೂರು ಬಾಗಿಲು

ಕೆಲಸ ಮಾಡುವ ಕಂಪನಿ ಅಥವಾ ಓದುವ ಕಾಲೇಜು ಕೊಡುವ ಕೌನ್ಸೆಲಿಂಗ್ ಇದ್ದರೆ ಮೊದಲು ಅದನ್ನು ಬಳಸಿ. ಬೇಗ ಸಿಗುತ್ತದೆ. ಕಂಪನಿಯದ್ದಾದರೆ ಹೆಚ್ಚಾಗಿ ಮೂರರಿಂದ ಎಂಟು ಸೆಷನ್. ಮೇಲಧಿಕಾರಿಗೆ ಏನು ವರದಿ ಹೋಗುತ್ತದೆ ಎಂದು ಬರಹದಲ್ಲಿ ಕೇಳಿ. ಒಟ್ಟು ಎಷ್ಟು ಜನ ಬಳಸಿದರು ಎಂಬ ಸಂಖ್ಯೆ ಹೋದರೆ ಸರಿ, ಹೆಸರು ಹೋಗಬಾರದು.

ಧಾರ್ಮಿಕ ಸಂಸ್ಥೆಗಳಲ್ಲಿ ಸಿಗುವ ಆಪ್ತಸಮಾಲೋಚನೆ ನಂಬಿಕೆ ಇರುವವರಿಗೆ ಆಸರೆ. ಅಲ್ಲಿ ಕೂರುವವರು ತರಬೇತಿ ಪಡೆದವರೋ, ಹಿರಿಯರು ಮಾತ್ರವೋ ತಿಳಿದುಕೊಳ್ಳಿ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ‘ಹೊಂದಿಕೊಂಡು ಹೋಗಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಸಹಾಯವಾಣಿ ಬರೀ ಕೊನೆಯ ಗಳಿಗೆಗೆ ಎಂಬ ತಪ್ಪು ತಿಳಿವಳಿಕೆ ಇದೆ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ, ಆತ್ಮಹತ್ಯೆಯ ಯೋಚನೆ ಬಂದವರು ಫೋನ್ ಮಾಡಲಿ ಎಂದು ಸಮಾರಿಟನ್ಸ್ ಶುರು ಮಾಡಿದರು. ಅವರನ್ನು ಕಾಣಲು ಬಂದವರಿಗೆ ಸ್ವಯಂಸೇವಕರು ಟೀ ಕೊಟ್ಟು ಮಾತಾಡಿಸುತ್ತಿದ್ದರು. ಎಷ್ಟೋ ಜನ ಆ ಮಾತಿನಲ್ಲೇ ಹಗುರಾಗಿ, ವಾರಾ ಅವರನ್ನು ಕಾಣದೆಯೇ ಎದ್ದು ಹೋಗುತ್ತಿದ್ದರು. ಮರುವರ್ಷ ವಾರಾ ಕೇಳಿಸಿಕೊಳ್ಳುವ ಕೆಲಸವನ್ನೇ ಸ್ವಯಂಸೇವಕರಿಗೆ ಬಿಟ್ಟುಕೊಟ್ಟರು. ಸಹಾಯವಾಣಿ ವಾರವಾರದ ಕೌನ್ಸೆಲಿಂಗ್‌ಗೆ ಬದಲಿ ಅಲ್ಲ, ಪ್ರತಿ ಸಲ ಬೇರೆ ದನಿ. ವೇಟಿಂಗ್ ಲಿಸ್ಟಿನಲ್ಲಿ ಕಾಯುವ ರಾತ್ರಿಗಳಿಗೆ ಅದು ಊರುಗೋಲು.

ನನ್ನನ್ನು ಕೇಳಿದರೆ

ಔಷಧ ಬೇಕಾಗಬಹುದು ಅನ್ನಿಸುವವರಿಗೆ ಸರ್ಕಾರಿ ಕೇಂದ್ರ, ಕಾಯಬೇಕಾದರೂ ಸರಿ. ಹೇಳಿಕೊಳ್ಳಲು ಬಹಳ ಇದೆ, ಮತ್ತೆ ಮತ್ತೆ ಹೇಳುವ ಶಕ್ತಿ ಇಲ್ಲ ಅನ್ನುವವರು ಆದಾಯ ನೋಡಿ ಫೀಸು ಹಾಕುವ ಸಂಸ್ಥೆಗೆ ಹೋಗಲಿ, ಸೆಷನ್ ಮಿತಿ ಇಲ್ಲದ್ದಕ್ಕೆ. ವಯಸ್ಸು ಚಿಕ್ಕದು, ಸಮಸ್ಯೆ ಹೊಸದು, ದುಡ್ಡೇ ಇಲ್ಲ ಅಂದರೆ ಕಲಿಯುವವರ ಕ್ಲಿನಿಕ್. ಒಂಟಿತನವೇ ಕಾಯಿಲೆ ಅಂದರೆ ಗುಂಪು. ಎರಡನ್ನು ಒಟ್ಟಿಗೆ ಹಿಡಿದರೆ ಯಾರೂ ಬೇಡ ಅನ್ನುವುದಿಲ್ಲ. ನಾನು ಕೊನೆಗೆ ಮಾಡಿದ್ದು ಅದನ್ನೇ: ಸಂಸ್ಥೆಯಲ್ಲಿ ಹೆಸರು ಕೊಟ್ಟು, ಸರದಿ ಬರುವವರೆಗೆ ಒಂದು ಗುಂಪಿನಲ್ಲಿ ಕೂತೆ.

ಆರಿಸಿದ ಮೇಲೆ ಮೂರು ಭೇಟಿ ಕೊಟ್ಟು ನೋಡಿ. ಎಡ್ವರ್ಡ್ ಬಾರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತ ಇರಬೇಕು, ಹೇಗೆ ಹೋಗಬೇಕು ಎಂಬುದರಲ್ಲೂ ಇರಬೇಕು, ಜೊತೆಗೆ ಇಬ್ಬರ ನಡುವೆ ಒಂದು ನಂಟು ಬೆಳೆಯಬೇಕು. ಮೂರರಲ್ಲಿ ಒಂದೂ ಕಾಣದಿದ್ದರೆ ‘ಬೇರೆಯವರನ್ನು ಕೊಡಿ’ ಎಂದು ಕೇಳಬಹುದು. ಅಗ್ಗದ ಜಾಗ ಅಂತ ಈ ಹಕ್ಕು ಹೋಗುವುದಿಲ್ಲ.

ಇನ್ನು ಆ ಮೊದಲ ಫೋನು. ಅದೇ ಎಲ್ಲಕ್ಕಿಂತ ಕಷ್ಟದ್ದು. ರಿಸೆಪ್ಷನ್ನಿನವರಿಗೆ ಪೂರ್ತಿ ಕಥೆ ಹೇಳಬೇಕಿಲ್ಲ. ‘ಎರಡು ತಿಂಗಳಿಂದ ನಿದ್ದೆ ಇಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ, ಕೌನ್ಸೆಲರ್ ಬೇಕು, ಜಾಸ್ತಿ ಫೀಸು ಕೊಡಲು ಆಗುವುದಿಲ್ಲ’ ಎಂಬಷ್ಟು ಸಾಕು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ. ದನಿ ನಡುಗಿದರೆ ನಡುಗಲಿ. ಆಮೇಲೆ ಕಾಲಂಗಳ ಪ್ರಶ್ನೆ: ಎಷ್ಟು ದಿನ, ಎಷ್ಟು ಸಲ, ಅವರೇನಾ. ಫೋನಿಡುವ ಮೊದಲು ಇನ್ನೊಂದು ಕೇಳಿ: ‘ಯಾರಾದರೂ ಬರಲಿಲ್ಲ ಅಂದರೆ ಕೊನೇ ಗಳಿಗೆಯಲ್ಲಿ ನನ್ನನ್ನು ಕರೆಯುತ್ತೀರಾ? ಅರ್ಧ ಗಂಟೆಯಲ್ಲಿ ಬರಬಲ್ಲೆ.’ ಇದನ್ನು ಬರೆದುಕೊಳ್ಳಲು ಎಷ್ಟೋ ಕಡೆ ಬೇರೆಯೇ ಪಟ್ಟಿ ಇರುತ್ತದೆ, ಕೇಳಿದವರ ಹೆಸರು ಮಾತ್ರ ಅದರಲ್ಲಿ ಸೇರುತ್ತದೆ. ನನಗೆ ಎರಡು ತಿಂಗಳಾಗುತ್ತದೆ ಅಂದಿದ್ದರು. ಹದಿನೇಳನೇ ದಿನ, ಒಂದು ಗುರುವಾರ, ಯಾರೋ ಬಾರದ ಹನ್ನೊಂದೂವರೆಯ ಸೆಷನ್‌ಗೆ ನನ್ನನ್ನು ಕರೆದರು.